ಚಿಲುಮೆ ಚಿಕ್ಕದು, ಗುಡುಗುಡಿ ದೊಡ್ಡದು. ಹೊಗೆ ಮಾತ್ರ ಒಂದೇ!

ಹೊಗೆ ಸೇದುವ ಕೊಳವೆ ದೊಡ್ಡದಿದ್ದರೆ ಚೆಂದವೋ, ಚಿಕ್ಕದಿದ್ದರೆ ಚೆಂದವೋ? ನಾನೂರು ವರ್ಷಗಳಿಂದ ನಡೆದು ಬಂದಿರುವ ಈ ವಾದದಲ್ಲಿ ವಿಜಾಪುರದ ದರಬಾರಿದೆ, ಬೀದರಿನ ಕಸುಬುದಾರರಿದ್ದಾರೆ, ಡೆನ್ಮಾರ್ಕಿನ ಮರಗೆಲಸದವರಿದ್ದಾರೆ. ಈಗ ಅದು ಮಕ್ಕಳ ಶಾಲಾ ಚೀಲದವರೆಗೂ ಬಂದು ನಿಂತಿದೆ.

ಬೆಂಗಳೂರಿನ ಹಳೆಯ ಪೇಟೆಯಲ್ಲಿ ಬೀದಿಯ ಹೆಸರು ಹೇಳಿದರೆ ಸಾಕು, ಒಂದು ಕಾಲದಲ್ಲಿ ಅಲ್ಲಿ ಏನು ಸಿಗುತ್ತಿತ್ತು ಎಂಬುದು ಗೊತ್ತಾಗುತ್ತದೆ. ಅಕ್ಕಿಪೇಟೆಯಲ್ಲಿ ಅಕ್ಕಿ, ರಾಗಿಪೇಟೆಯಲ್ಲಿ ರಾಗಿ, ಕುಂಬಾರಪೇಟೆಯಲ್ಲಿ ಮಡಕೆ ಕುಡಿಕೆ. ಹತ್ತಿಯ ಹೆಸರಂತೂ ಎರಡು ಕಡೆ ಉಳಿದಿದೆ. ಒಂದು ಅರಳೆಪೇಟೆ, ಇನ್ನೊಂದು ಕಾಟನ್‌ಪೇಟೆ. ಹೊಗೆಸೊಪ್ಪಿಗೆ ಮಾತ್ರ ಪ್ರತ್ಯೇಕ ಪೇಟೆ ಬೇಕಾಗಲಿಲ್ಲ. ಪ್ರತಿ ಪೇಟೆಯ ಮೂಲೆಯಲ್ಲೂ ಒಂದು ಗೂಡಂಗಡಿ ಸಾಕಾಯಿತು!

ಕಾಟನ್‌ಪೇಟೆಯಲ್ಲಿ ಎರಡು ಬಗೆಯ ಹೊಗೆಯನ್ನು ಕಾಣಬಹುದು. ಒಂದು, ತವಕ್ಕಲ್ ಮಸ್ತಾನ್ ದರ್ಗಾದಲ್ಲಿ ಭಕ್ತರು ಹಚ್ಚುವ ಊದುಬತ್ತಿಯದು. ಹದಿನೆಂಟನೇ ಶತಮಾನದ ಈ ಸೂಫಿ ಸಂತರ ದರ್ಗಾಕ್ಕೆ ಧರ್ಮರಾಯಸ್ವಾಮಿ ಗುಡಿಯ ಕರಗ ಪ್ರತಿ ವರ್ಷವೂ ಬಂದು ಹೋಗುವುದು ಊರಿಗೆಲ್ಲ ಗೊತ್ತಿರುವ ಸಂಗತಿ. ಇನ್ನೊಂದು, ಅದೇ ರಸ್ತೆಯ ಗೂಡಂಗಡಿಗಳ ಮುಂದೆ ನಿಂತವರ ಬಾಯಿಂದ ಹೊರಡುವ ಹೊಗೆ. ಈ ಎರಡನೆಯ ಹೊಗೆ ಇಂದು ಬೀಡಿ ಸಿಗರೇಟಿಗೆ ಇಳಿದಿದೆ. ಆದರೆ ಅದು ಮನುಷ್ಯನ ಬಾಯಿಗೆ ಮೊದಲು ಬಂದದ್ದು ಕೊಳವೆಯ ಮೂಲಕವೇ. ಆ ಕೊಳವೆಯ ಗಾತ್ರ, ಆಕಾರಗಳ ಬಗ್ಗೆ ಜನ ಮಾಡಿರುವ ವಾದಕ್ಕೆ ಲೆಕ್ಕವಿಲ್ಲ.

ಕನ್ನಡದಲ್ಲಿ ಒಂದು ವಿಶೇಷವಿದೆ. ಬಾವಿಯಿಂದ ನೀರನ್ನೂ ಸೇದುತ್ತೇವೆ, ಕೊಳವೆಯಿಂದ ಹೊಗೆಯನ್ನೂ ಸೇದುತ್ತೇವೆ. ಒರತೆಯಾಗಿ ಉಕ್ಕುವ ನೀರಿನ ಬುಗ್ಗೆಗೂ ಚಿಲುಮೆ ಎನ್ನುತ್ತೇವೆ, ತಂಬಾಕು ತುಂಬುವ ಮಣ್ಣಿನ ಕೊಳವೆಗೂ ಚಿಲುಮೆ ಎನ್ನುತ್ತೇವೆ. ತುಮಕೂರಿನ ಬಳಿಯ ನಾಮದ ಚಿಲುಮೆಯನ್ನು ನೋಡಲು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುತ್ತಾರೆ. ಇನ್ನೊಂದು ಚಿಲುಮೆಯ ಕಥೆಯನ್ನು ಯಾರೂ ಮಕ್ಕಳಿಗೆ ಹೇಳುವುದಿಲ್ಲ. ಹೇಳಿದರೆ ತಪ್ಪೇನೂ ಇಲ್ಲ. ಅದರಲ್ಲಿ ಚರಿತ್ರೆ, ರಸಾಯನಶಾಸ್ತ್ರ, ಭೌತಶಾಸ್ತ್ರ ಮೂರೂ ಇವೆ. ಒಂದು ಎಚ್ಚರಿಕೆಯೂ ಇದೆ.

ವಿಜಾಪುರದಿಂದ ಹೊರಟ ಕೊಳವೆ

ತಂಬಾಕು ನಮ್ಮ ನೆಲದ ಗಿಡವಲ್ಲ. ಅಮೆರಿಕ ಖಂಡದ ಈ ಗಿಡವನ್ನು ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಹಡಗಿನಲ್ಲಿ ತಂದರು. ಗೋವಾಕ್ಕೆ ಹತ್ತಿರವಿದ್ದ ದಖ್ಖನದ ರಾಜ್ಯಗಳಿಗೆ ಅದರ ಪರಿಚಯ ಬೇಗನೆ ಆಯಿತು. ದೂರದ ಆಗ್ರಾದಲ್ಲಿದ್ದ ಮೊಗಲ್ ಚಕ್ರವರ್ತಿ ಅಕ್ಬರನಿಗೆ ಅದನ್ನು ತೋರಿಸಿದವನು ಅಸದ್ ಬೇಗ್ ಎಂಬ ಅವನ ರಾಯಭಾರಿ. ಅವನಿಗೆ ಅದು ಸಿಕ್ಕಿದ್ದು ಎಲ್ಲಿ? ನಮ್ಮ ವಿಜಾಪುರದಲ್ಲಿ!

1604ರ ಆಸುಪಾಸಿನಲ್ಲಿ, ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ, ಅಸದ್ ಬೇಗ್ ವಿಜಾಪುರಕ್ಕೆ ಬಂದಿದ್ದ. ತನ್ನ ಅನುಭವಗಳನ್ನು ಅವನು ಬರೆದಿಟ್ಟಿದ್ದಾನೆ. ಅಲ್ಲಿ ಕಂಡ ತಂಬಾಕನ್ನು ಅವನು ಬರಿಗೈಯಲ್ಲಿ ಒಯ್ಯಲಿಲ್ಲ, ಅದಕ್ಕೆಂದೇ ಒಂದು ಕೊಳವೆಯನ್ನು ಸಿದ್ಧಪಡಿಸಿಕೊಂಡ. ಅದರ ನಳಿಕೆಯೇ ಮೂರು ಮೊಳ ಉದ್ದ. ಎರಡೂ ತುದಿಗೆ ರತ್ನ, ಮೀನಾಕಾರಿ ಕೆಲಸ. ಬಾಯಿಗಿಡುವ ತುದಿ ಯೆಮನ್ ದೇಶದ ಕೆಂಪು ಕಲ್ಲಿನದು, ತಂಬಾಕು ಸುಡುವ ಬಟ್ಟಲು ಚಿನ್ನದ್ದು. ಅಕ್ಬರ್ ಕುತೂಹಲದಿಂದ ಎರಡು ಮೂರು ದಮ್ಮು ಎಳೆದ. ಪಕ್ಕದಲ್ಲಿದ್ದ ವೈದ್ಯ ಇನ್ನು ಸಾಕು ಎಂದು ತಡೆದ. ದೊರೆ ಬಿಟ್ಟ, ಆಸ್ಥಾನಿಕರು ಹಿಡಿದುಕೊಂಡರು. ಕೆಲವೇ ವರ್ಷಗಳಲ್ಲಿ ಚಟ ಎಷ್ಟು ಹಬ್ಬಿತೆಂದರೆ, 1617ರಲ್ಲಿ ಅಕ್ಬರನ ಮಗ ಜಹಾಂಗೀರ್ ತಂಬಾಕನ್ನು ನಿಷೇಧಿಸಬೇಕಾಯಿತು. ನಿಷೇಧ ಫಲಿಸಲಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಲ್ಲಿ ಗಮನಿಸಬೇಕಾದ್ದು ಆ ಕೊಳವೆಯ ಗಾತ್ರವನ್ನು. ಹೊಗೆ ಸೇದಲು ಮೂರು ಮೊಳದ ನಳಿಕೆ ಬೇಕೇ? ಒಂದು ಗೇಣಿನದು ಸಾಕು. ಆದರೆ ದರಬಾರಿನಲ್ಲಿ ಬೇಕಾಗಿದ್ದದ್ದು ಹೊಗೆಯಷ್ಟೇ ಅಲ್ಲವಲ್ಲ, ಠೀವಿ ಕೂಡ. ದೊಡ್ಡ ಕೊಳವೆಯ ಮೋಹ ನಮ್ಮಲ್ಲಿ ಮೊದಲ ದಿನದಿಂದಲೇ ಇತ್ತು.

ನೀರಿನೊಳಗಿಂದ ಹೊಗೆ ಎಳೆಯುವ ಹುಕ್ಕವನ್ನು ಕಂಡುಹಿಡಿದವನು ಅಕ್ಬರನ ಆಸ್ಥಾನ ವೈದ್ಯ ಅಬುಲ್ ಫತ್ ಗೀಲಾನಿ ಎಂದು ಹಲವು ಕಡೆ ಬರೆದಿರುತ್ತಾರೆ. ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಇಸವಿ ಕೂಡಿಸಿ ನೋಡಬೇಕು. ಗೀಲಾನಿ ತೀರಿಕೊಂಡದ್ದು 1589ರಲ್ಲಿ. ಅಸದ್ ಬೇಗ್ ತಂಬಾಕು ತಂದದ್ದು ಅದಾದ ಹದಿನೈದು ವರ್ಷಗಳ ಮೇಲೆ. ಪುಸ್ತಕದಲ್ಲಿದೆ ಎಂದ ಮಾತ್ರಕ್ಕೆ ಎಲ್ಲವನ್ನೂ ನಂಬಬಾರದು ಎಂಬುದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ಗೋಳದಿಂದ ಗಂಟೆಗೆ

ದೊಡ್ಡ ಕೊಳವೆಗೆ ನಮ್ಮ ನಾಡು ಕೊಟ್ಟ ಅತ್ಯುತ್ತಮ ರೂಪವನ್ನು ನೋಡಬೇಕಾದರೆ ಬೀದರಿಗೆ ಹೋಗಬೇಕು. ಹುಕ್ಕದ ಕೆಳಭಾಗದಲ್ಲಿ ನೀರು ತುಂಬುವ ಒಂದು ಪಾತ್ರೆ ಇರುತ್ತದೆ. ಅದರ ಮೇಲೆ ನಿಂತ ಕೊಳವೆ, ತುದಿಯಲ್ಲಿ ತಂಬಾಕು ಮತ್ತು ಕೆಂಡ ಇಡುವ ಚಿಲುಮೆ, ಪಕ್ಕದಿಂದ ಹಾವಿನಂತೆ ಸುತ್ತಿಕೊಂಡು ಬರುವ ಉದ್ದನೆಯ ನಳಿಕೆ. ಎಳೆದಾಗ ನೀರಿನಲ್ಲಿ ಗುಡುಗುಡು ಸದ್ದಾಗುವುದರಿಂದ ನಮ್ಮ ಜನ ಇದಕ್ಕೆ ಗುಡುಗುಡಿ ಎಂದೇ ಹೆಸರಿಟ್ಟರು. ಆ ನೀರಿನ ಪಾತ್ರೆಯನ್ನು ಬಿದರಿ ಕಲೆಯಲ್ಲಿ ಮಾಡುತ್ತಿದ್ದರು.

ಹದಿನೇಳನೇ ಶತಮಾನದ ಬಿದರಿ ಹುಕ್ಕಗಳ ಪಾತ್ರೆ ಚೆಂಡಿನಂತೆ ದುಂಡಗೆ. ನೋಡಲು ಸೊಗಸು, ಆದರೆ ನೆಲದ ಮೇಲೆ ನಿಲ್ಲದು. ನಮ್ಮ ಮಡಕೆಗೆ ಸಿಂಬಿ ಇಡುವ ಹಾಗೆ ಅದಕ್ಕೂ ಒಂದು ಬಳೆ ಬೇಕಿತ್ತು. ಆ ಬಳೆಯೂ ಬಿದರಿಯದೇ! ಹದಿನೆಂಟನೇ ಶತಮಾನ ನಡೆದಂತೆ ಪಾತ್ರೆ ಗಂಟೆಯ ಆಕಾರಕ್ಕೆ ತಿರುಗಿತು. ತಳ ಅಗಲ, ಕತ್ತು ಸಪೂರ, ಎಲ್ಲಿಟ್ಟರೂ ನಿಲ್ಲುತ್ತದೆ. ಹಳೆಯ ಹುಕ್ಕವೊಂದು ಸಿಕ್ಕರೆ ಅದರ ಆಕಾರ ನೋಡಿಯೇ ಕಾಲವನ್ನು ಅಂದಾಜು ಮಾಡಬಹುದು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ, ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಇಂಥ ಬಿದರಿ ಪಾತ್ರೆಗಳು ಗಾಜಿನ ಕಪಾಟಿನೊಳಗೆ ಕುಳಿತಿವೆ.

ಬಿದರಿಯ ಕೆಲಸವೇ ಒಂದು ರಸಾಯನಶಾಸ್ತ್ರದ ಪಾಠ. ಹೆಚ್ಚು ಪಾಲು ಸತು, ಸ್ವಲ್ಪವೇ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯ ಮಾಡಿ, ಮೈಲುತುತ್ತದ ದ್ರಾವಣ ಬಳಿದು ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಆಗ ಅದರ ಮೇಲೆ ಗೀಚಿದ ಚಿತ್ರ ಎದ್ದು ಕಾಣುತ್ತದೆ. ಗೀಚಿದ ಗೆರೆಯನ್ನು ಉಳಿಯಿಂದ ಕೊರೆದು, ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಉಜ್ಜುತ್ತಾರೆ. ಸತುವಿನ ಮೈ ಶಾಶ್ವತವಾಗಿ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೆಯೇ ಹೊಳೆಯುತ್ತದೆ. 2006ರಲ್ಲಿ ಈ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ.

ಇಷ್ಟು ಸೊಗಸಾದ ಪಾತ್ರೆಗೆ ಯಾರು ತಾನೇ ಮರುಳಾಗುವುದಿಲ್ಲ? ಈಸ್ಟ್ ಇಂಡಿಯಾ ಕಂಪನಿಯ ಇಂಗ್ಲಿಷರೂ ಆದರು. ಹುಕ್ಕವನ್ನು ಸಿದ್ಧಮಾಡಿ ಕೊಡಲೆಂದೇ ಹುಕ್ಕಾಬರ್ದಾರ್ ಎಂಬ ಆಳನ್ನು ಇಟ್ಟುಕೊಂಡರು. 1779ರಲ್ಲಿ ಕಲ್ಕತ್ತೆಯ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ದಂಪತಿ ಸಂಗೀತ ಕಛೇರಿ ಮತ್ತು ಊಟಕ್ಕೆ ಕಳಿಸಿದ ಕರೆಯೋಲೆಯೊಂದರಲ್ಲಿ, ಹುಕ್ಕಾಬರ್ದಾರನ ಹೊರತು ಬೇರೆ ಆಳುಗಳನ್ನು ಕರೆತರಬೇಡಿ ಎಂಬ ಸೂಚನೆಯಿತ್ತು! ದೊಡ್ಡ ಕೊಳವೆಗೆ ಎಂಥ ಮರ್ಯಾದೆ ನೋಡಿ.

ಕುಂಬಾರನ ಚಿಕ್ಕ ಚಿಲುಮೆ

ಬಡವನಿಗೆ ಬಿದರಿಯೂ ಇಲ್ಲ, ಹುಕ್ಕಾಬರ್ದಾರನೂ ಇಲ್ಲ. ಅವನ ಪಾಲಿಗೆ ಬಂದದ್ದು ಕುಂಬಾರ ಸುಟ್ಟುಕೊಟ್ಟ ಗೇಣುದ್ದಕ್ಕಿಂತ ಚಿಕ್ಕದಾದ ಮಣ್ಣಿನ ಚಿಲುಮೆ. ಮೇಲೆ ಅಗಲ, ಕೆಳಗೆ ಸಪೂರ. ತಂಬಾಕು ಒಳಕ್ಕೆ ಜಾರದಂತೆ ನಡುವೆ ಒಂದು ಕಲ್ಲಿನ ಹರಳು. ತುದಿಗೆ ಒದ್ದೆ ಬಟ್ಟೆ ಸುತ್ತಿ, ಎರಡೂ ಅಂಗೈಗಳ ನಡುವೆ ಹಿಡಿದು ಎಳೆದರೆ ಮುಗಿಯಿತು. ಒಡೆದರೆ ಸಂತೆಯಲ್ಲಿ ಇನ್ನೊಂದು. ಹೊಲದ ಬದುವಿನಲ್ಲಿ, ಗಾಡಿಯ ಮೂಕಿಯ ಮೇಲೆ, ಮಠದ ಜಗುಲಿಯಲ್ಲಿ ಅದು ಕೈಯಿಂದ ಕೈಗೆ ದಾಟುತ್ತಿತ್ತು.

ದೊಡ್ಡದರ ಠೀವಿ ಒಂದು ಕಡೆ, ಚಿಕ್ಕದರ ಸಲಿಗೆ ಇನ್ನೊಂದು ಕಡೆ. ಗುಡುಗುಡಿಯ ಮುಂದೆ ಮನುಷ್ಯ ಹೋಗಿ ಕೂರಬೇಕು. ಚಿಲುಮೆ ಮನುಷ್ಯನ ಜೊತೆ ನಡೆದು ಬರುತ್ತದೆ. ಹಳ್ಳಿಯ ಬದುಕಿನಲ್ಲಿ ಇವು ಎಷ್ಟು ಬೆರೆತುಹೋಗಿದ್ದವೆಂದರೆ, ಶಿಶುನಾಳ ಶರೀಫರು ಗುಡುಗುಡಿಯನ್ನೇ ರೂಪಕವಾಗಿಟ್ಟುಕೊಂಡು ತತ್ವಪದ ಕಟ್ಟಿದ್ದಾರೆ. ಶರೀಫರು ಹೇಳಹೊರಟಿದ್ದು ಹೊಗೆಯ ಮಾತಲ್ಲ, ದೇಹ ಮತ್ತು ಜೀವದ ಮಾತು. ಆದರೆ ಕೇಳುವ ಜನಕ್ಕೆ ಗುಡುಗುಡಿ ಮನೆಯ ವಸ್ತುವಾಗಿದ್ದರಿಂದಲೇ ಆ ರೂಪಕ ಹೃದಯಕ್ಕೆ ತಟ್ಟಿತು.

ಬೆಲೆ ಇಳಿಯಿತು, ಬಟ್ಟಲು ಬೆಳೆಯಿತು

ಇದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಏನಾಗುತ್ತಿತ್ತು? ಅಲ್ಲಿಯೂ ಮಣ್ಣಿನ ಕೊಳವೆಗಳೇ. ಹದಿನಾರನೇ ಶತಮಾನದ ಕೊನೆಯ ಕೊಳವೆಗಳ ಬಟ್ಟಲು ಕಿರುಬೆರಳ ತುದಿ ಹಿಡಿಸುವಷ್ಟು ಪುಟ್ಟದು. ಮುಂದೆ ಹೊಲ ಉಳುವಾಗ ಸಿಕ್ಕ ಈ ಪುಟಾಣಿಗಳನ್ನು ನೋಡಿ ಹಳ್ಳಿಗರು ಇವು ಯಕ್ಷಿಣಿಯರು ಸೇದುತ್ತಿದ್ದ ಕೊಳವೆಗಳು ಎಂದು ಭಾವಿಸಿದರು. ನಿಜವಾದ ಕಾರಣ ತೀರಾ ಸರಳ: ಆಗ ತಂಬಾಕು ಬಲು ದುಬಾರಿ. ಅಮೆರಿಕದ ವರ್ಜೀನಿಯಾದಲ್ಲಿ ತೋಟಗಳು ಬೆಳೆದು ಬೆಲೆ ಇಳಿದಂತೆಲ್ಲ ಬಟ್ಟಲು ದೊಡ್ಡದಾಗುತ್ತ ಹೋಯಿತು.

ನಳಿಕೆಯೂ ಉದ್ದವಾಯಿತು. ಉದ್ದ ಹೆಚ್ಚಿದಂತೆ ಅದರೊಳಗಿನ ರಂಧ್ರವನ್ನು ಇನ್ನಷ್ಟು ಕಿರಿದಾಗಿ ಕೊರೆಯತೊಡಗಿದರು. ಇದನ್ನು ಮೊದಲು ಲೆಕ್ಕ ಹಾಕಿದವರು ಅಮೆರಿಕದ ಪುರಾತತ್ವಜ್ಞ ಜೆ.ಸಿ. ಹ್ಯಾರಿಂಗ್ಟನ್. ಉತ್ಖನನಗಳಲ್ಲಿ ರಾಶಿರಾಶಿಯಾಗಿ ಸಿಗುತ್ತಿದ್ದ ಕೊಳವೆ ಚೂರುಗಳ ರಂಧ್ರಗಳನ್ನು ಅವರು ಡ್ರಿಲ್ಲಿನ ಮೊನೆಗಳಿಂದ ಅಳೆದರು. 1620ರಿಂದ 1650ರವರೆಗಿನ ಕೊಳವೆಗಳಲ್ಲಿ ರಂಧ್ರ ಹೆಚ್ಚಾಗಿ ಅಂಗುಲದ 64ರಲ್ಲಿ 8 ಪಾಲು. 1750ರ ನಂತರದವುಗಳಲ್ಲಿ 64ರಲ್ಲಿ 4 ಪಾಲು. 1954ರಲ್ಲಿ ಅವರು ಇದನ್ನು ಪ್ರಕಟಿಸಿದ ಮೇಲೆ, ಮುರಿದ ಕೊಳವೆಯ ಚೂರೇ ಪುರಾತತ್ವಜ್ಞರಿಗೆ ಕ್ಯಾಲೆಂಡರ್ ಆಯಿತು! ಕಸದಲ್ಲೂ ಕಾಲ ಅಡಗಿರುತ್ತದೆ, ಅಳೆಯುವ ಕಣ್ಣಿರಬೇಕು.

ಬೇರಿನ ಗಂಟಿನಿಂದ ಪೈಪು

ಇಂದು ಪೈಪು ಎಂದರೆ ಕಣ್ಣಮುಂದೆ ಬರುವುದು ಮರದ ಪೈಪು. ಅದು ಎಲ್ಲ ಮರದಿಂದ ಆಗುವುದಿಲ್ಲ. ಬೆಂಕಿ ತಾಗಿದರೆ ಮರ ಉರಿಯದೆ ಇರುತ್ತದೆಯೇ? ಮೆಡಿಟರೇನಿಯನ್ ತೀರದ ಗುಡ್ಡಗಳಲ್ಲಿ ಬೆಳೆಯುವ ಬ್ರಯರ್ ಎಂಬ ಪೊದೆಗೆ ಕಾಂಡಕ್ಕೂ ಬೇರಿಗೂ ನಡುವೆ ಗಟ್ಟಿಯಾದ ಒಂದು ಗಂಟು ಬೆಳೆಯುತ್ತದೆ. ಅದು ಶಾಖಕ್ಕೆ ಸುಲಭವಾಗಿ ಸುಡುವುದಿಲ್ಲ. ಗಂಟು ತಕ್ಕ ಗಾತ್ರಕ್ಕೆ ಬರಲು ದಶಕಗಳೇ ಬೇಕು. ಅದನ್ನು ಅಗೆದು, ತುಂಡರಿಸಿ, ನೀರಿನಲ್ಲಿ ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಒಣಗಿಸಬೇಕು. ಹತ್ತೊಂಬತ್ತನೇ ಶತಮಾನದ ನಡುವಿನಿಂದ ಫ್ರಾನ್ಸಿನ ಸೇಂಟ್ ಕ್ಲೋದ್ ಎಂಬ ಊರು ಈ ಕಸುಬಿಗೆ ಹೆಸರಾಯಿತು.

ಫ್ರಾನ್ಸ್ ಮತ್ತು ಇಂಗ್ಲೆಂಡಿನ ಕಾರ್ಖಾನೆಗಳು ಪೈಪಿಗೆ ಕೆಲವು ನಿಶ್ಚಿತ ಆಕಾರಗಳನ್ನು ಗೊತ್ತುಮಾಡಿದವು. ನೆಟ್ಟಗಿನ ಬಟ್ಟಲಿನದು ಬಿಲಿಯರ್ಡ್, ದುಂಡಗಿನದು ಆ್ಯಪಲ್, ಗಿಡ್ಡ ಕತ್ತಿನ ದಪ್ಪ ಬುಲ್‌ಡಾಗ್, ಮೇಲಕ್ಕೆ ಅಗಲವಾಗುವ ಡಬ್ಲಿನ್. ಒಂದೇ ಮಾದರಿಯನ್ನು ನೂರಾರು ಸಲ ಕಡೆಯಬಹುದು. ಚಿಕ್ಕದು, ಹಗುರ, ಜೇಬಿಗೆ ಹಿಡಿಸುತ್ತದೆ, ಹಲ್ಲಿನಲ್ಲಿ ಕಚ್ಚಿಕೊಂಡು ಎರಡೂ ಕೈಯಲ್ಲಿ ಕೆಲಸ ಮಾಡಬಹುದು. ಇದು ಹಳೆಯ ಸಂಪ್ರದಾಯ.

ಇದಕ್ಕೆ ಸವಾಲು ಹಾಕಿದವರು ಡೆನ್ಮಾರ್ಕಿನವರು. ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ ಕೋಪನ್‌ಹೇಗನ್ನಿನ ಸಿಕ್ಸ್‌ಟೆನ್ ಇವಾರ್‌ಸನ್ ಎಂಬ ಕಸುಬುದಾರ ಮಾದರಿಯನ್ನು ಪಕ್ಕಕ್ಕಿಟ್ಟು, ಮರದ ಎಳೆ ಯಾವ ಕಡೆ ಓಡುತ್ತದೆಯೋ ಅದನ್ನೇ ಅನುಸರಿಸಿ ಆಕಾರ ಕೊಡಲು ಶುರುಮಾಡಿದ. ಅಲ್ಲಿಂದ ಬೆಳೆದದ್ದು ಫ್ರೀಹ್ಯಾಂಡ್ ಪೈಪು, ಅಂದರೆ ಅಚ್ಚಿಗೆ ಕಟ್ಟುಬೀಳದೆ ಕೈ ಹೋದಂತೆ ಕಡೆದದ್ದು. ಎಳೆ ಪೂರ್ತಿಯಾಗಿ ಕಾಣಬೇಕಾದರೆ ಮರದ ತುಂಡೂ ದೊಡ್ಡದಿರಬೇಕು. ಗಂಟಿನ ಹೊರಭಾಗವನ್ನೇ ಬಳಸಿ, ಬಟ್ಟಲಿನ ಬಾಯಿಯ ಮೇಲೆ ತೊಗಟೆಯ ಒರಟನ್ನು ಹಾಗೆಯೇ ಉಳಿಸುತ್ತಿದ್ದರು. 1970ರ ದಶಕದಲ್ಲಿ ಪ್ರೆಬೆನ್ ಹೋಮ್ ಎಂಬ ಡೇನ್ ತಯಾರಿಸಿದ ಭರ್ಜರಿ ಗಾತ್ರದ ಫ್ರೀಹ್ಯಾಂಡ್ ಪೈಪುಗಳು ಅಮೆರಿಕದಲ್ಲಿ ಚೆನ್ನಾಗಿ ಮಾರಾಟವಾದವು.

ಆಗ ಶುರುವಾಯಿತು ನೋಡಿ ಪೈಪು ಪ್ರಿಯರ ನಡುವೆ ಜಟಾಪಟಿ. ಒಂದರಂತೆ ಇನ್ನೊಂದಿಲ್ಲ, ಗೋಡೆ ದಪ್ಪವಾದ್ದರಿಂದ ಕೈ ಸುಡುವುದಿಲ್ಲ, ಮರದ ಸೊಬಗು ಕಾಣುತ್ತದೆ ಎಂದು ದೊಡ್ಡದರ ಪಕ್ಷದವರು. ಅದು ಪೈಪಲ್ಲ, ಮೇಜಿನ ಮೇಲಿಡುವ ಶಿಲ್ಪ. ಕಚ್ಚಿದರೆ ದವಡೆ ನೋವು, ಜೇಬಿಗಿಟ್ಟರೆ ಜೇಬು ಹರಿಯುತ್ತದೆ ಎಂದು ಚಿಕ್ಕದರ ಪಕ್ಷದವರು. ಇದು ಇಂದಿಗೂ ಮುಗಿದಿಲ್ಲ. ನಮ್ಮವರಿಗೆ ಇದು ಹೊಸ ಜಗಳವೇನಲ್ಲ. ಅಚ್ಚುಕಟ್ಟಾದ ಚಿಕ್ಕ ಮಣ್ಣಿನ ಗಣಪ ಸಾಕೋ, ಗಲ್ಲಿ ತುಂಬುವ ದೊಡ್ಡ ಗಣಪ ಬೇಕೋ ಎಂದು ಪ್ರತಿ ಭಾದ್ರಪದದಲ್ಲೂ ಪೇಟೆಯ ಹುಡುಗರು ವಾದಿಸುವುದಿಲ್ಲವೇ?

ಹೋಮ್ಸ್ ಹಿಡಿದ ಪೈಪು ಯಾವುದು?

ಶಾಲೆಯ ಛದ್ಮವೇಷ ಸ್ಪರ್ಧೆಯಲ್ಲಿ ಒಬ್ಬನಾದರೂ ಷರ್ಲಾಕ್ ಹೋಮ್ಸ್ ಇದ್ದೇ ಇರುತ್ತಾನೆ. ಕೈಯಲ್ಲಿ ಭೂತಗನ್ನಡಿ, ಬಾಯಲ್ಲಿ ಕೊಕ್ಕೆಯಂತೆ ಬಾಗಿದ ದೊಡ್ಡ ಪೈಪು. ಆದರೆ ಕಾನನ್ ಡಾಯ್ಲ್ ಬರೆದ ಕಥೆಗಳಲ್ಲಿ ಹುಡುಕಿದರೆ ಆ ದೊಡ್ಡ ಸೋರೆಬುರುಡೆ ಪೈಪು ಸಿಗುವುದಿಲ್ಲ! ಅಲ್ಲಿ ಹೋಮ್ಸ್ ಸೇದುವುದು ಮಣ್ಣಿನದು, ಬ್ರಯರಿನದು, ಚೆರ್ರಿ ಮರದ್ದು. ದೊಡ್ಡ ಪೈಪು ಅವನ ಬಾಯಿಗೆ ಬಂದದ್ದು ನಾಟಕ, ಸಿನಿಮಾಗಳ ದೆಸೆಯಿಂದ. ಹಿಂದಿನ ಸಾಲಿನಲ್ಲಿ ಕುಳಿತ ಪ್ರೇಕ್ಷಕನಿಗೂ ಅದು ಕಾಣಬೇಕಲ್ಲ?

ಅಮೆರಿಕದ ಸೇನಾಧಿಪತಿ ಡಗ್ಲಸ್ ಮೆಕಾರ್ಥರ್ ಕೂಡ ಇದನ್ನು ಚೆನ್ನಾಗಿ ಅರಿತಿದ್ದ. ಮೆಕ್ಕೆಜೋಳದ ದಿಂಡಿನಿಂದ ಮಾಡಿದ ಪೈಪು ಅಲ್ಲಿನ ರೈತರ ಅಗ್ಗದ ಪೈಪು. ಅದರದೇ ಎತ್ತರದ ಬಟ್ಟಲಿನ ಮಾದರಿಯೊಂದನ್ನು ಅವನು ತನಗಾಗಿ ಮಾಡಿಸಿಕೊಂಡಿದ್ದ. ಎರಡನೇ ಮಹಾಯುದ್ಧದ ಚಿತ್ರಗಳಲ್ಲಿ ಅವನಿಗಿಂತ ಮೊದಲು ಆ ಪೈಪೇ ಕಣ್ಣಿಗೆ ಬೀಳುತ್ತದೆ. ನಮ್ಮ ಹಳೆಯ ಸಿನಿಮಾಗಳಲ್ಲಿ ನಿಲುವಂಗಿ ತೊಟ್ಟು, ಪೈಪು ಹಿಡಿದು ಬಂಗಲೆಯ ಮೆಟ್ಟಿಲಿಳಿಯುವ ಸಾಹುಕಾರನನ್ನು ನೆನಪಿಸಿಕೊಳ್ಳಿ. ಮಾತಾಡುವ ಮೊದಲೇ ಅವನು ಯಾರೆಂದು ಪ್ರೇಕ್ಷಕರಿಗೆ ಗೊತ್ತಾಗುತ್ತಿತ್ತು. ಪೈಪಿನ ಆಕಾರಕ್ಕೆ ಇಂಥ ಶಕ್ತಿಯಿದೆ. ಒಳಗೆ ಏನು ಉರಿಯುತ್ತಿದೆ ಎಂಬುದನ್ನು ಅದು ಮರೆಸಿಬಿಡುತ್ತದೆ.

ನೀರು ತೊಳೆಯದ ಕೊಳೆ

ದೊಡ್ಡ ಕೊಳವೆಯ ಪರ ಇರುವ ವಾದಗಳಲ್ಲಿ ಒಂದು ಮಾತ್ರ ನಿಜ: ಅದು ಹೊಗೆಯನ್ನು ತಂಪಾಗಿಸುತ್ತದೆ. ಬಿಸಿ ಹೊಗೆ ಉದ್ದನೆಯ ನಳಿಕೆಯಲ್ಲಿ ಸಾಗುವಾಗ ಶಾಖವನ್ನು ಗೋಡೆಗೆ ಬಿಟ್ಟುಕೊಡುತ್ತದೆ. ನೀರಿನಲ್ಲಿ ಗುಳ್ಳೆಯಾಗಿ ಎದ್ದರೆ ಇನ್ನೂ ತಂಪು. ಆದರೆ ತಂಪಾದದ್ದೆಲ್ಲ ಶುದ್ಧವಾಯಿತೇ? ಕೆಂಡ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ನೀರಿನಲ್ಲಿ ಕರಗುವುದು ಅತ್ಯಲ್ಪ. ಅದು ನೇರವಾಗಿ ರಕ್ತಕ್ಕೆ ಸೇರಿ, ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರುವ ಜಾಗವನ್ನು ಆಕ್ರಮಿಸುತ್ತದೆ. ಟಾರು, ಭಾರಲೋಹಗಳೂ ಶ್ವಾಸಕೋಶ ಸೇರುತ್ತವೆ. ಹೊಗೆ ತಂಪಾಗಿರುವುದರಿಂದ ಗಂಟಲು ಉರಿಯುವುದಿಲ್ಲ. ಉರಿಯದ ಕಾರಣ ಸೇದುವವನು ಇನ್ನೂ ಆಳಕ್ಕೆ, ಇನ್ನೂ ಹೆಚ್ಚು ಹೊತ್ತು ಎಳೆಯುತ್ತಾನೆ. ಅಕ್ಬರನ ವೈದ್ಯ ಬೇಡ ಎಂದದ್ದು ಸುಮ್ಮನೆ ಅಲ್ಲ!

ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2005ರಲ್ಲಿ ಹುಕ್ಕದ ಬಗ್ಗೆ ಒಂದು ಎಚ್ಚರಿಕೆಯ ಟಿಪ್ಪಣಿ ಹೊರಡಿಸಿದರು. ಒಂದು ಸಲ ಹುಕ್ಕದ ಮುಂದೆ ಕುಳಿತರೆ 20ರಿಂದ 80 ನಿಮಿಷ ಕಳೆಯುತ್ತದೆ, 50ರಿಂದ 200 ಸಲ ಎಳೆಯುತ್ತಾರೆ. ಒಳಗೆ ಹೋಗುವ ಹೊಗೆಯ ಪ್ರಮಾಣ 100 ಅಥವಾ ಅದಕ್ಕೂ ಹೆಚ್ಚು ಸಿಗರೇಟಿನಷ್ಟಿರಬಹುದು ಎಂಬುದು ಅದರ ಸಾರ. ಚಿಕ್ಕ ಪೈಪಿನವರು ಬಚಾವಾದರು ಎಂದುಕೊಳ್ಳಬೇಕಿಲ್ಲ. ಹೊಗೆಯನ್ನು ಶ್ವಾಸಕೋಶಕ್ಕೆ ಎಳೆಯದೆ ಬಾಯಲ್ಲೇ ಆಡಿಸಿ ಬಿಟ್ಟರೂ ತುಟಿ, ನಾಲಗೆ, ಗಂಟಲಿನ ಕ್ಯಾನ್ಸರಿನ ಅಪಾಯ ತಪ್ಪುವುದಿಲ್ಲ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ದೇಶದಲ್ಲಿ ವರ್ಷಕ್ಕೆ 13 ಲಕ್ಷಕ್ಕೂ ಹೆಚ್ಚು ಜನ ತಂಬಾಕಿನಿಂದ ಸಾಯುತ್ತಾರೆ. ಈ ಲೆಕ್ಕ ಕೊಳವೆಯ ಉದ್ದವನ್ನು ಕೇಳುವುದಿಲ್ಲ.

ಮತ್ತೆ ಬಂದ ಗುಡುಗುಡಿ, ಪುಟ್ಟದಾದ ಚಿಲುಮೆ

ಬೀಡಿ ಸಿಗರೇಟು ಬಂದ ಮೇಲೆ ಗುಡುಗುಡಿಯೂ ಚಿಲುಮೆಯೂ ಮೂಲೆ ಸೇರಿದವು. ಹಾಗೆಂದು ಅಜ್ಜಂದಿರು ನಿಟ್ಟುಸಿರು ಬಿಡುವಷ್ಟರಲ್ಲಿ, ಈ ಶತಮಾನದ ಆರಂಭದಲ್ಲಿ ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಹುಕ್ಕಾ ಬಾರುಗಳು ತಲೆಯೆತ್ತಿದವು. ಬಣ್ಣದ ಗಾಜಿನ ದೊಡ್ಡ ಹುಕ್ಕ, ಸೇಬು, ಪುದೀನದ ಪರಿಮಳ, ಸುತ್ತ ಕಾಲೇಜಿನ ಹುಡುಗ ಹುಡುಗಿಯರು. ಅದು ಹಣ್ಣಿನ ಪರಿಮಳವಷ್ಟೇ, ಸಿಗರೇಟಲ್ಲವಲ್ಲ ಎಂಬ ಸಮಾಧಾನ ಬೇರೆ. ಮೊಗಲರ ದರಬಾರಿನ ಠೀವಿ ಕಾಫಿ ಅಂಗಡಿಯ ಸೋಫಾಕ್ಕೆ ಬಂದಿತ್ತು. 2023ರ ಅಕ್ಟೋಬರಿನಲ್ಲಿ ಕೋರಮಂಗಲದಲ್ಲಿ ಬೆಂಕಿ ಅನಾಹುತವೂ ಆದ ಮೇಲೆ, 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹುಕ್ಕದ ಮಾರಾಟ, ಸೇವನೆಯನ್ನು ನಿಷೇಧಿಸಿತು. ಅದೇ ವರ್ಷ ಏಪ್ರಿಲಿನಲ್ಲಿ ಹೈಕೋರ್ಟು ಈ ಆದೇಶವನ್ನು ಎತ್ತಿಹಿಡಿಯಿತು.

ದೊಡ್ಡದಕ್ಕೆ ಬೀಗ ಬಿತ್ತು. ಚಿಕ್ಕದು ಇನ್ನಷ್ಟು ಚಿಕ್ಕದಾಗಿ ಬಂತು. ಅದೇ ಇ–ಸಿಗರೇಟು, ಮಕ್ಕಳ ಬಾಯಲ್ಲಿ ವೇಪ್. ಅದರಲ್ಲಿ ಕೆಂಡವಿಲ್ಲ, ಬೂದಿಯಿಲ್ಲ, ಬಟ್ಟೆಗೆ ವಾಸನೆ ಹಿಡಿಯುವುದೂ ಇಲ್ಲ. ಪೆನ್ನಿನ ಆಕಾರ, ಪೆನ್ ಡ್ರೈವಿನ ಆಕಾರ, ಹೈಲೈಟರಿನ ಆಕಾರ. ಕಂಪಾಸ್ ಪೆಟ್ಟಿಗೆಯಲ್ಲಿಟ್ಟರೆ ಗೊತ್ತೇ ಆಗದು. ಕರ್ನಾಟಕ 2016ರಲ್ಲೇ ಇದನ್ನು ನಿಷೇಧಿಸಿತು, 2019ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ಆದರೂ ಕದ್ದುಮುಚ್ಚಿ ಸಿಗುತ್ತದೆ. ಒಳಗಿರುವ ನಿಕೋಟಿನ್ ಬೆಳೆಯುವ ಮಿದುಳಿಗೆ ಬೇಗ ಅಂಟಿಕೊಳ್ಳುತ್ತದೆ. ಕಲಿಕೆಗೆ ಬೇಕಾದ ಏಕಾಗ್ರತೆಗೇ ಅದು ಕೈ ಹಾಕುತ್ತದೆ.

ನಾನೂರು ವರ್ಷಗಳ ಕಥೆ ಹೇಳುವುದು ಇದನ್ನೇ. ತಂಬಾಕು ದುಬಾರಿಯಾದಾಗ ಕೊಳವೆ ಚಿಕ್ಕದಾಯಿತು. ಅಗ್ಗವಾದಾಗ ದೊಡ್ಡದಾಯಿತು. ದೊಡ್ಡಸ್ತಿಕೆ ಬೇಕಾದಾಗ ಬೆಳ್ಳಿ ತೊಟ್ಟಿತು. ಅಪ್ಪ ಅಮ್ಮನ ಕಣ್ಣು ತಪ್ಪಿಸಬೇಕಾದಾಗ ಪೆನ್ನಿನ ವೇಷ ಹಾಕಿತು. ವೇಷ ಎಷ್ಟು ಬದಲಾದರೂ ಒಳಗಿನ ಸೊಪ್ಪಿನ ಗುಣ ಬದಲಾಗಲಿಲ್ಲ.

ತಂದೆ ತಾಯಂದಿರಿಗೆ ಎರಡು ಮಾತು

ಮಕ್ಕಳಿಗೆ ಬೇಡ ಎಂದಷ್ಟೇ ಹೇಳಿದರೆ ಆ ಮಾತು ಕಿವಿಗೆ ಬೀಳುವುದು ಕಡಿಮೆ. ಏಕೆ ಬೇಡ ಎಂಬುದನ್ನು ಕಥೆಯಾಗಿ ಹೇಳಿದರೆ ತಲೆಯಲ್ಲಿ ಉಳಿಯುತ್ತದೆ. ಬಿದರಿ ಹುಕ್ಕವನ್ನು ವಸ್ತುಸಂಗ್ರಹಾಲಯದಲ್ಲಿ ತೋರಿಸಿ, ಆ ಬೆಳ್ಳಿಯ ಹೂಬಳ್ಳಿಯನ್ನು ಮೆಚ್ಚಲಿ. ಇಷ್ಟು ಚೆಂದದ ಪಾತ್ರೆಯನ್ನು ಏಕೆ ಮಾಡಿದರು, ಯಾರು ಲಾಭ ಪಡೆದರು, ಯಾರು ಕೆಮ್ಮಿದರು ಎಂದು ಅವರೇ ಕೇಳಲಿ. ಕಲೆಯನ್ನು ಮೆಚ್ಚುವುದಕ್ಕೆ ಬೆಂಕಿ ಹಚ್ಚಬೇಕಾಗಿಲ್ಲ. ಬೀದರಿನ ಕಸುಬುದಾರರೇ ಈಗ ಹುಕ್ಕ ಬಿಟ್ಟು ಹೂದಾನಿ, ಪೆಟ್ಟಿಗೆ, ಓಲೆಗಳಿಗೆ ಆ ಕೈಚಳಕವನ್ನು ತಿರುಗಿಸಿಕೊಂಡು ಬದುಕುತ್ತಿದ್ದಾರೆ.

ಮನೆಯಲ್ಲಿ ಹಿರಿಯರೇ ಸೇದುತ್ತಿದ್ದರೆ ಉಪದೇಶಕ್ಕೆ ಬೆಲೆಯಿಲ್ಲ. ಅಪ್ಪ ಬಾಲ್ಕನಿಯಲ್ಲಿ ನಿಂತು ಸೇದಿ ಬಂದು, ನೀನು ಮುಟ್ಟಬೇಡ ಎಂದರೆ ಮಗ ಯಾವುದನ್ನು ಕಲಿಯುತ್ತಾನೆ, ಮಾತನ್ನೋ ನಡತೆಯನ್ನೋ? ಮಗುವಿನ ಚೀಲದಲ್ಲಿ ಗುರುತು ಸಿಗದ ಪುಟ್ಟ ಉಪಕರಣ ಕಂಡರೆ ಹೊಡೆದು ಬಡಿದು ಮಾಡುವ ಮೊದಲು ಕೂತು ಮಾತಾಡುವುದು ಒಳ್ಳೆಯದು. ಚಟ ಎಂಬುದು ನಡತೆಗೆಟ್ಟ ಮಕ್ಕಳಿಗಷ್ಟೇ ಬರುವ ಕಾಯಿಲೆ ಅಲ್ಲ.

ಕಾನೂನು ಏನು ಹೇಳುತ್ತದೆ?

* 2003ರ ಕೇಂದ್ರ ಕಾಯ್ದೆಯಂತೆ ಶಾಲಾ ಕಾಲೇಜುಗಳ ಸುತ್ತ 100 ಗಜದೊಳಗೆ ಯಾವುದೇ ತಂಬಾಕು ಉತ್ಪನ್ನ ಮಾರುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ಅಪರಾಧ.

* ಕರ್ನಾಟಕ ಈ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ಮಾಡಿತು. 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆತು ಅದು ಜಾರಿಗೆ ಬಂತು. ತಂಬಾಕು ಕೊಳ್ಳುವ ಕನಿಷ್ಠ ವಯಸ್ಸು 18ರಿಂದ 21ಕ್ಕೆ ಏರಿತು. ಬಿಡಿ ಸಿಗರೇಟು ಮಾರಾಟವೂ ನಿಷಿದ್ಧ.

* ಹುಕ್ಕಾ ಬಾರು ನಡೆಸಿದರೆ 1ರಿಂದ 3 ವರ್ಷ ಜೈಲು, 50 ಸಾವಿರದಿಂದ 1 ಲಕ್ಷ ರೂಪಾಯಿವರೆಗೆ ದಂಡ.

* ಬಿಡಲು ಮನಸ್ಸಿದ್ದವರಿಗೆ ರಾಷ್ಟ್ರೀಯ ಸಹಾಯವಾಣಿಯಿದೆ: 1800–11–2356. ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಈ ಸೇವೆಯ ಒಂದು ಕೇಂದ್ರ.

ಕಾಟನ್‌ಪೇಟೆಯಂಥ ಇಕ್ಕಟ್ಟಿನ ಪೇಟೆಯಲ್ಲಿ ನೂರು ಗಜ ಎಂದರೆ ಎಷ್ಟು? ಶಾಲೆಯ ಗೇಟಿನಿಂದ ಒಂದು ತಿರುವು ದಾಟಿದರೆ ಮುಗಿಯಿತು. ಗೇಟಿನಿಂದ ಎಷ್ಟು ಹೆಜ್ಜೆ ದೂರದಲ್ಲಿ ಅಂಗಡಿಯಿದೆ ಎಂದು ಮಕ್ಕಳು ಒಮ್ಮೆ ಎಣಿಸಿ ನೋಡಬಹುದು. ಹ್ಯಾರಿಂಗ್ಟನ್ ಅಳೆದದ್ದು ಕೊಳವೆಯ ರಂಧ್ರವನ್ನು; ಇಂದಿನ ವಿದ್ಯಾರ್ಥಿಗಳು ಈ ದೂರವನ್ನು ಅಳೆದು, ಲೆಕ್ಕವನ್ನು ಬರೆದು ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟರೆ ಅದಕ್ಕಿಂತ ಉಪಯೋಗದ ಕೆಲಸ ಇನ್ನೊಂದಿಲ್ಲ.